ಆ ನಾಲ್ಕು ಪುಟ ಹುಡುಕಿಕೊಡೋರು ಯಾರು?

ಇವತ್ತಿನ ಕಥೆ ಶುರುವಾಗೋದು ಬೆಂಗಳೂರಿನ ಪೀಣ್ಯದಲ್ಲಿ. ಅಲ್ಲಿ ನಮ್ಮ ಸೋದರಮಾವನದ್ದು ಒಂದು ಸಣ್ಣ ಪ್ಲೇಟಿಂಗ್ ವರ್ಕ್‌ಶಾಪ್. ಕಳೆದ ವರ್ಷ ನಿಕ್ಕಲ್ ಪದರ ಪದೇ ಪದೇ ಸಿಪ್ಪೆ ಥರ ಎದ್ದು ಬರ್ತಿತ್ತು. ಮೊಬೈಲಲ್ಲಿ ಹುಡುಕಿದೆ. ಅದೇ ಸಮಸ್ಯೆ ಬಗ್ಗೆ ಒಂದು ಸಂಶೋಧನಾ ಲೇಖನ ಸಿಕ್ತು, ಆದರೆ ದುಡ್ಡು ಕಟ್ಟದೆ ಓದೋ ಹಾಗಿಲ್ಲ. "ನಿಮ್ಮ ಕಾಲೇಜ್ ಲೈಬ್ರರಿಯಲ್ಲಿ ಸಿಗಲ್ವೇನೋ?" ಅಂದರು ಮಾವ. ನನ್ನ ಓದು ಮುಗಿದಾಗಲೇ ಲಾಗಿನ್ ಕೂಡ ಬಂದ್ ಆಗಿತ್ತು.

ಮಾವ ಕೇಳಿದ ಪ್ರಶ್ನೆ ಹಳೇದು. 1924ರಲ್ಲಿ ಎಸ್. ಆರ್. ರಂಗನಾಥನ್ ಅನ್ನೋ ಗಣಿತದ ಮೇಷ್ಟ್ರು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಪುಸ್ತಕ ಕಾಯೋದಲ್ಲ, ಓದುಗರ ಕೈಗೆ ತಲುಪಿಸೋದೇ ಈ ಕೆಲಸ ಅಂತ ಅವರು ನಂಬಿದ್ದರು. 1931ರಲ್ಲಿ ಐದು ಸೂತ್ರಗಳನ್ನ ಬರೆದರು. ಓದುಗರ ಸಮಯ ಹಾಳಾಗಬಾರದು ಅನ್ನೋದು ನಾಲ್ಕನೆಯದರ ತಿರುಳು.

ಸ್ವಾತಂತ್ರ್ಯದ ನಂತರ ಎಚ್‌ಎಂಟಿ, ಬಿಇಎಲ್‌ನಂಥ ಕಾರ್ಖಾನೆಗಳು ಬಂದವು. ಇಂಜಿನಿಯರ್‌ಗೆ ಬೇಕಾಗಿದ್ದು ಇಡೀ ಪುಸ್ತಕ ಅಲ್ಲ, ಯಾವುದೋ ಜರ್ನಲ್‌ನ ನಾಲ್ಕು ಪುಟ. 1952ರಲ್ಲಿ ದೆಹಲಿಯಲ್ಲಿ ಇನ್ಸ್‌ಡಾಕ್ ಶುರುವಾಯ್ತು. ಕೇಳಿದ ಲೇಖನದ ಪ್ರತಿ ತೆಗೆದು, ಬೇಕಾದರೆ ಅನುವಾದ ಮಾಡಿಸಿ ಕೊಡ್ತಿತ್ತು. 1962ರಲ್ಲಿ ರಂಗನಾಥನ್ ಬೆಂಗಳೂರಲ್ಲೇ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಡಿ, ಡಿಆರ್‌ಟಿಸಿ ಕಟ್ಟಿದರು. ಸಂಶೋಧಕರಿಗೂ ಉದ್ಯಮಗಳಿಗೂ ಆ ನಾಲ್ಕು ಪುಟ ಹುಡುಕಿಕೊಡೋ ಜನರನ್ನ ತಯಾರು ಮಾಡೋ ಕೇಂದ್ರ ಅದು.

ಈಗ? 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಜರ್ನಲ್. ಸಣ್ಣ ಊರಿನ ಸರ್ಕಾರಿ ಕಾಲೇಜಿನ ಹುಡುಗಿಗೂ ದೊಡ್ಡ ಜರ್ನಲ್ ಸಿಗೋ ಹಾಗಾಯ್ತು, ಇದು ಸಣ್ಣ ಮಾತಲ್ಲ. ಆದರೆ ಯೋಜನೆ ಇರೋದು ಸರ್ಕಾರಿ ಶಿಕ್ಷಣ, ಸಂಶೋಧನಾ ಸಂಸ್ಥೆಗಳಿಗೆ. ಮಾವನ ವರ್ಕ್‌ಶಾಪ್ ಅದರಲ್ಲಿ ಬರಲ್ಲ.

ಕೊನೆಗೆ ದಾರಿ ತೋರಿಸಿದ್ದು ನಮಗೆ ಪರಿಚಯದ ಒಬ್ಬ ನಿವೃತ್ತ ಗ್ರಂಥಪಾಲಕರು. ಪ್ರಕಟವಾದ ಪೇಟೆಂಟ್ ದಾಖಲೆಗಳನ್ನ ಯಾರು ಬೇಕಾದರೂ ಪುಕ್ಕಟೆ ಓದಬಹುದು ಅಂದರು. ಯಾವ ಪದ ಹಾಕಿ ಹುಡುಕಬೇಕು ಅಂತ ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಪ್ಲೇಟಿಂಗ್‌ಗೆ ಮುಂಚೆ ಲೋಹ ತೊಳೆಯೋ ಕ್ರಮವನ್ನ ಮಾವ ಬದಲಿಸಿದರು. ಪದರ ನಿಂತಿತು.

ಓದಿಗೂ ಉದ್ಯಮಕ್ಕೂ ಸೇತುವೆ ಕಟ್ಟಬೇಕು ಅಂತ ಭಾಷಣಗಳಲ್ಲಿ ಕೇಳ್ತಾನೇ ಇರ್ತೀವಿ. ಜರ್ನಲ್ ಕೊಂಡರಷ್ಟೇ ಸಾಲದು. ಇಂಥವರನ್ನ ವಿಶ್ವವಿದ್ಯಾಲಯದ ಲೈಬ್ರರಿಗಳಲ್ಲಿ ಕೂರಿಸಿ, ವಾರಕ್ಕೆ ಒಂದು ದಿನವಾದರೂ ಮಾವನಂಥವರಿಗೆ ಬಾಗಿಲು ತೆಗೀಬೇಕು. ನಿಮ್ಮ ಲೈಬ್ರರಿ ಹೊರಗಿನವರನ್ನ ಒಳಗೆ ಬಿಡುತ್ತಾ? ಒಮ್ಮೆ ಕೇಳಿ ನೋಡಿ. ಮತ್ತೆ ಸಿಗೋಣ.