ಆಟದ ಖರ್ಚು

ನಮ್ಮ ಬ್ರಹ್ಮಾವರ, ಕುಂದಾಪುರದ ಕಡೆ ಎರಡು ಸಂಗತಿಗಳು ಹೆಚ್ಚುಕಮ್ಮಿ ಒಂದೇ ವಾರದಲ್ಲಿ ಮುಗಿಯುತ್ತವೆ. ಒಂದು ಶಾಲೆಯ ಬೇಸಿಗೆ ರಜೆ, ಇನ್ನೊಂದು ಯಕ್ಷಗಾನ ಮೇಳಗಳ ತಿರುಗಾಟ. ಮಳೆಗಾಲ ಕಳೆದ ಮೇಲೆ ಗೆಜ್ಜೆ ಕಟ್ಟಿ ಹೊರಟ ಮೇಳಗಳು ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಅದರ ಬೆನ್ನಿಗೇ ಮಳೆ, ಮಳೆಯ ಜೊತೆಗೇ ಶಾಲೆ. ಎರಡು ತಿಂಗಳ ರಜೆಯಲ್ಲಿ ಮಕ್ಕಳನ್ನು ಹೆಚ್ಚು ಖರ್ಚಿಲ್ಲದೆ ಏನಾದರೊಂದರಲ್ಲಿ ತೊಡಗಿಸುವುದು ಹೇಗೆ ಎಂದು ಪ್ರತಿ ಏಪ್ರಿಲ್‌ನಲ್ಲಿ ಯಾರಾದರೂ ಕೇಳುತ್ತಾರೆ. ಆ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವುದು ಈ ಪಂಚಾಂಗ. ಹಂಗಾರಕಟ್ಟೆಯ ಸುತ್ತಲಿನ ಮಕ್ಕಳಿಗೆ ರಜೆ ಎಂದರೆ ಆಟ; ಆಟ ಎಂದರೆ ಬಯಲಾಟ.

ಊರನ್ನು ನೋಡದವರಿಗಾಗಿ ಒಂದು ಮಾತು. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಅಳಿವೆಯ ಒಳಬದಿಗೆ, ಬಾರಕೂರಿಗೆ ಹತ್ತಿರದಲ್ಲಿರುವ ಹಳೆಯ ಬಂದರು ಹಂಗಾರಕಟ್ಟೆ. ಎದುರಿಗೆ ಕೋಡಿ ಬೇಂಗ್ರೆ. ಉತ್ತರಕ್ಕೆ ಹೊರಟರೆ ಐರೋಡಿ, ಗುಂಡ್ಮಿ, ಸಾಲಿಗ್ರಾಮ, ಕೋಟ ಒಂದರ ಬೆನ್ನಿಗೆ ಒಂದು ಬರುತ್ತವೆ. ಇಷ್ಟು ಸಣ್ಣ ಪಟ್ಟಿಯೊಳಗೆ ನಡುತಿಟ್ಟಿನ ಎಷ್ಟೊಂದು ಭಾಗವತರು, ವೇಷಧಾರಿಗಳು ಹುಟ್ಟಿದ್ದಾರೆಂದು ಲೆಕ್ಕ ಹಾಕಲು ಕೂತರೆ ಬೇರೆಯದೇ ಲೇಖನವಾದೀತು.

ನಾನು ಹುಡುಗನಾಗಿದ್ದಾಗ ಹರಕೆಯಾಟಕ್ಕೆ ಟಿಕೆಟ್ ಇರಲಿಲ್ಲ, ಈಗಲೂ ಇಲ್ಲ. ಮಂದಾರ್ತಿ ಮೇಳದ ಆಟವನ್ನು ಹರಕೆ ಹೊತ್ತ ಮನೆಯವರು ಆಡಿಸುತ್ತಾರೆ, ಊರೆಲ್ಲ ಚಾಪೆ ಹಿಡಿದುಕೊಂಡು ಹೋಗಿ ನೋಡುತ್ತದೆ. "ಆಟಕ್ಕೆ ಹೊಯ್ಕಾರೆ ಈಗ ಮನಿಕಣಿ ಮಕ್ಳೆ" ಎಂದು ಅಜ್ಜಿ ಮಧ್ಯಾಹ್ನವೇ ನಮ್ಮನ್ನು ಮಲಗಿಸುತ್ತಿದ್ದರು. ಅಂದರೆ ಇಡೀ ಹಗಲು ನಿದ್ದೆಯಲ್ಲಿ, ಇಡೀ ರಾತ್ರಿ ಆಟದಲ್ಲಿ. ದೊಡ್ಡವರಿಗೆ ಮಕ್ಕಳ ಕಾಟವೇ ಇಲ್ಲ! ಡೇರೆ ಮೇಳದ ಆಟ ಬಂದರೆ ಮಾತ್ರ ಟಿಕೆಟ್ಟಿಗೆ ದುಡ್ಡು ಬೇಕು. ಅದಕ್ಕೆ ಗೇರುಬೀಜ ಇತ್ತು. ಹಾಡಿಯಲ್ಲಿ ಬೀಜ ಹೆಕ್ಕಿ ಅಂಗಡಿಗೆ ಹಾಕಿದರೆ ನೆಲದ ಮೇಲೆ ಕೂತು ನೋಡುವಷ್ಟು ಹಣ ಸಿಗುತ್ತಿತ್ತು. ಮರುದಿನದಿಂದ ಅಂಗಳದಲ್ಲಿ ನಮ್ಮದೇ ಮೇಳ. ಅಡಿಕೆ ಹಾಳೆಯ ಕಿರೀಟ, ಇದ್ದಿಲಿನ ಮೀಸೆ, ಬಿಸ್ಕತ್ತಿನ ಡಬ್ಬಿಯ ಚಂಡೆ. ಭೀಮನ ಪಾತ್ರಕ್ಕಾಗಿ ನಡೆದ ಜಗಳಗಳು ಪ್ರಸಂಗಕ್ಕಿಂತ ಉದ್ದವಾಗಿರುತ್ತಿದ್ದವು.

ಖರ್ಚಿಲ್ಲ ಎಂದು ನಾವು ಅಂದುಕೊಂಡಿದ್ದೆವು. ಖರ್ಚು ಇತ್ತು, ಕೊಡುವವರು ಬೇರೆಯಾಗಿದ್ದರು, ಅಷ್ಟೇ. ಹರಕೆಯ ಮನೆ ಇಡೀ ಊರಿನ ಮಕ್ಕಳ ರಾತ್ರಿಗೆ ಹಣ ಕೊಡುತ್ತಿತ್ತು. ಇದನ್ನು ಇನ್ನೂ ಸ್ಪಷ್ಟವಾಗಿ ಕಾಣಬೇಕಾದರೆ ಬೇಸಿಗೆಯಿಂದ ತುಸು ಸರಿದು ನವರಾತ್ರಿಯ ರಜೆಗೆ ಬರಬೇಕು. ಅಲ್ಲಿ ಹೂವಿನಕೋಲು ಇದೆ.

ಸರಕಾರಿ ಶಾಲೆಗಳು ಹರಡುವ ಮೊದಲು ನಮ್ಮಲ್ಲಿ ಐಗಳ ಮಠಗಳಿದ್ದವು. ಐಗಳು ಎಂದರೆ ಊರಿನ ಮೇಷ್ಟ್ರು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಾ, ಲೆಕ್ಕ ಬಾಯಿಪಾಠ ಮಾಡಿಸುತ್ತಾ, ಊರವರು ಕೊಟ್ಟಷ್ಟರಲ್ಲಿ ಬದುಕುವವರು. ಮಹಾನವಮಿಯ ದಿನಗಳಲ್ಲಿ ಐಗಳು ತಮ್ಮ ಶಿಷ್ಯರಿಗೆ ಒಂದು ಸಣ್ಣ ಪ್ರಸಂಗದ ಪದ್ಯಗಳನ್ನೂ ಅರ್ಥವನ್ನೂ ಕಲಿಸಿ ಮನೆಮನೆಗೆ ಕರೆದೊಯ್ಯುತ್ತಿದ್ದರು. ಭಾಗವತರು, ಮದ್ದಲೆ, ಎದುರುಬದುರು ಕೂತ ಮಕ್ಕಳು, ಮಕ್ಕಳ ಕೈಯಲ್ಲಿ ಹೂವಿನಿಂದ ಅಲಂಕರಿಸಿದ ಕೋಲು. ಮೊದಲು ಮನೆಯವರಿಗೆ ಒಳ್ಳೆಯದಾಗಲಿ ಎಂಬ ಹಾರೈಕೆಯ ಹಾಡು, ಆಮೇಲೆ ಪುಟ್ಟದೊಂದು ತಾಳಮದ್ದಲೆ. ಕುಣಿತವಿಲ್ಲ, ಕಿರೀಟವಿಲ್ಲ, ಬಿಳಿ ಪಂಚೆ, ಅಂಗಿ, ತಲೆಗೊಂದು ಟೊಪ್ಪಿ. ಮನೆಯವರು ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆಯ ಮೇಲಿಟ್ಟ ಕಾಣಿಕೆ ಕೊಟ್ಟು ಕಳಿಸುತ್ತಿದ್ದರು. ಅದು ಐಗಳ ಪಾಲಿಗೆ ಸಣ್ಣ ಸಂಗತಿಯಾಗಿರಲಿಲ್ಲ.

ಇದನ್ನು ಕಲೆಯ ಚರಿತ್ರೆಯಾಗಿ ಮಾತ್ರ ಓದಿದರೆ ಅರ್ಧ ತಪ್ಪಿಹೋಗುತ್ತದೆ. ರಜೆಯಲ್ಲಿ ಮಕ್ಕಳನ್ನು ತೊಡಗಿಸಿದ್ದಕ್ಕೆ ತಂದೆತಾಯಿ ಶುಲ್ಕ ಕೊಡುವುದು ಇಂದಿನ ಕ್ರಮ. ಅಲ್ಲಿ ಲೆಕ್ಕ ತಿರುಗುಮುರುಗು: ಮಕ್ಕಳ ಮಾತೇ ಮೇಷ್ಟ್ರ ಅಕ್ಕಿಯಾಗುತ್ತಿತ್ತು. ಹತ್ತು ವರ್ಷದ ಹುಡುಗ ಅರ್ಜುನನಾಗಿ ತಡವರಿಸಿದರೆ ಅದು ಇಡೀ ತಂಡದ ಮಾನದ ಪ್ರಶ್ನೆ. ಮಕ್ಕಳನ್ನು ಸುಮ್ಮನೆ ಹೊತ್ತು ಕಳೆಯಲು ಬಿಟ್ಟಿರಲಿಲ್ಲ, ಊರಿಗೆ ಬೇಕಾದ ಒಂದು ಕೆಲಸಕ್ಕೆ ಹಚ್ಚಿದ್ದರು. ಹಾಗೆಂದು ಹಳೆಯದನ್ನೆಲ್ಲ ಹೊಗಳಲಾರೆ. ಕೋಲು ಹಿಡಿದವರು ಗಂಡುಮಕ್ಕಳು ಮಾತ್ರ. ಐಗಳ ಮಠದ ಬಾಗಿಲೇ ಎಲ್ಲ ಮನೆಯ ಮಕ್ಕಳಿಗೆ ತೆರೆದಿರದ ಕಾಲ ಅದು. ಕೋಲು ಕೂಡ ಅವರ ಕೈಗೆ ಹೇಗೆ ಬರಬೇಕು? ಬಯಲಾಟದ ಚಾಪೆ ಹೂವಿನಕೋಲಿಗಿಂತ ಅಗಲವಾಗಿತ್ತು ಎಂದೇ ನನ್ನ ಅನಿಸಿಕೆ.

ಶಾಲೆಗಳು ಬಂದವು, ಮೇಷ್ಟ್ರಿಗೆ ಸಂಬಳ ಬಂತು. ಹೂವಿನಕೋಲಿಗೆ ಇದ್ದ ಕಾರಣ ಹೋಯಿತು, ಹಿಂದೆಯೇ ಕೋಲೂ ಅಪರೂಪವಾಯಿತು. ಇಲ್ಲಿಯೇ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಮಕ್ಕಳ ಕಲಿಕೆ ಪಾಠಪುಸ್ತಕದ ಹೊರಗೂ ಇದೆಯೆಂದು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಕುಣಿತಗಳ ಪ್ರಯೋಗ ನಡೆಸಿದರು. ಮೂರು ಸಂಪುಟಗಳ 'ಬಾಲಪ್ರಪಂಚ' ಬರೆದರು. ಯಕ್ಷಗಾನವನ್ನು ಅಕ್ಷರಸ್ಥರು ಗಂಭೀರವಾಗಿ ನೋಡುವಂತೆ ಮಾಡಿದ್ದೂ ಅವರೇ. 1959ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, 'ಯಕ್ಷಗಾನ ಬಯಲಾಟ'ಕ್ಕೆ. ಉಡುಪಿಯಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು. ಅದೇ ದಶಕದಲ್ಲಿ ಹಂಗಾರಕಟ್ಟೆ ಐರೋಡಿಯ ಯಕ್ಷಗಾನ ಕಲಾಕೇಂದ್ರ ನಾರ್ಣಪ್ಪ ಉಪ್ಪೂರರಂಥ ಗುರುಗಳನ್ನು ಕೂರಿಸಿಕೊಂಡು ಪಾಠ ನಡೆಸಿತು. 1975ರಲ್ಲಿ ಸಾಲಿಗ್ರಾಮ ಮಕ್ಕಳ ಮೇಳ ಹುಟ್ಟಿತು. ಕಟ್ಟಿದವರು ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ. ನಮ್ಮ ಅಂಗಳದ ಹಾಳೆ ಕಿರೀಟಕ್ಕೆ ನಿಜವಾದ ಭಾಗವತಿಕೆ, ನಿಜವಾದ ಚಂಡೆ ಸಿಕ್ಕಿದ್ದು ಹೀಗೆ.

ಇಲ್ಲೊಂದು ತೊಡಕಿತ್ತು. ಮಕ್ಕಳಿಗೆ ಬಿಡುವು ಏಪ್ರಿಲ್, ಮೇ ತಿಂಗಳಲ್ಲಿ. ವೃತ್ತಿ ಕಲಾವಿದರು ಆಗ ರಾತ್ರಿಯಿಡೀ ರಂಗದಲ್ಲಿ, ಹಗಲು ನಿದ್ದೆಯಲ್ಲಿ. ಅವರಿಗೆ ಬಿಡುವು ಸಿಗುವ ಮಳೆಗಾಲದಲ್ಲಿ ಮಕ್ಕಳು ಶಾಲೆಯಲ್ಲಿ. ಹಾಗಾಗಿ ಮಕ್ಕಳಿಗೆ ಹೆಜ್ಜೆ ಕಲಿಸುವ ಕೆಲಸ ಬಹುಮಟ್ಟಿಗೆ ಮೇಳ ಬಿಟ್ಟ ಹಿರಿಯ ಕಲಾವಿದರ, ಹವ್ಯಾಸಿಗಳ, ಶಾಲಾ ಮೇಷ್ಟ್ರುಗಳ ಹೆಗಲಿಗೆ ಬಿತ್ತು. ಬೇಸಿಗೆ ರಜೆ ಮೇಷ್ಟ್ರಿಗೂ ರಜೆ ತಾನೇ! ಐಗಳು ಹೊಟ್ಟೆಪಾಡಿಗಾಗಿ ಮಾಡಿದ್ದನ್ನು ಅವರ ಮುಂದಿನ ತಲೆಮಾರಿನವರು ಸ್ವಂತ ಬಿಡುವನ್ನು ಕೊಟ್ಟು ಮಾಡಿದರು. ಖರ್ಚು ಮತ್ತೆ ಬೇರೊಬ್ಬರ ಲೆಕ್ಕಕ್ಕೆ ಹೋಯಿತು.

ಈಗ ಕುಂದಾಪುರದಿಂದ ಉಡುಪಿಯವರೆಗೂ ಏಪ್ರಿಲ್‌ನಲ್ಲಿ ರಜಾ ಶಿಬಿರಗಳಿವೆ. ನಾಟಕ, ಚಿತ್ರ, ಯಕ್ಷಗಾನ, ಎಲ್ಲ ಉಂಟು. ಕೆಲವು ಶುಲ್ಕ ಕೇಳುತ್ತವೆ, ಕೆಲವು ದಾನಿಗಳನ್ನು ಹುಡುಕುತ್ತವೆ. ಹೆಣ್ಣುಮಕ್ಕಳು ಧಾರಾಳವಾಗಿ ಬಂದಿದ್ದಾರೆ, ಬಂದವರು ಬಣ್ಣದ ವೇಷಕ್ಕೂ ಹಿಂಜರಿಯುವುದಿಲ್ಲ. ಇದು ನನ್ನ ಕಣ್ಣಿಗೆ ಅರ್ಧ ಶತಮಾನದ ದೊಡ್ಡ ಲಾಭ. ಆದರೆ ಅಳಿವೆಯ ಆಚೆಯ ಮೀನುಗಾರರ ಮನೆಯ ಮಗುವಿಗೆ ಶಿಬಿರಕ್ಕಿಂತ ದಾಟಿ ಬರುವುದೇ ಕಷ್ಟ. ಶುಲ್ಕವಿಲ್ಲದ ಶಿಬಿರಕ್ಕೂ ದಿನಕ್ಕೆರಡು ಸಲ ಬಿಡಲು, ಕರೆತರಲು ಒಬ್ಬರು ಬಿಡುವಾಗಿರಬೇಕು. ಕೂಲಿಗೆ ಹೋಗುವ ಮನೆಯಲ್ಲಿ ಯಾರಿರುತ್ತಾರೆ?

ಶಿಬಿರ ನಡೆಸಿದ ಗೆಳೆಯರೊಬ್ಬರ ಲೆಕ್ಕದ ಪುಸ್ತಕವನ್ನು ಒಮ್ಮೆ ನೋಡಿದ್ದೆ. ಊಟ, ಕಾಗದ, ಬಣ್ಣ, ಯಾವುದೂ ಭಾರವಾಗಿರಲಿಲ್ಲ. ಕೊನೆಯ ದಿನದ ಪ್ರದರ್ಶನಕ್ಕೆ ತಂದ ವೇಷಭೂಷಣದ ಬಾಡಿಗೆ, ಬೆಳಕು, ಮೈಕು, ಇವೇ ಉಳಿದೆಲ್ಲವನ್ನೂ ಮೀರಿಸಿದ್ದವು. ಕಲಿಕೆ ಅಗ್ಗ, ತೋರಿಸುವುದು ದುಬಾರಿ. ಮಕ್ಕಳ ಮೇಳ, ಕಲಾಕೇಂದ್ರಗಳು ಹೂವಿನಕೋಲನ್ನು ಮತ್ತೆ ಮನೆಗಳಿಗೆ ತಂದದ್ದರ ಬೆಲೆ ನನಗೆ ಆಗ ಹೊಳೆಯಿತು. ವೇಷ ಬೇಡ, ರಂಗಸ್ಥಳ ಬೇಡ, ಮೈಕು ಬೇಡ. ಒಂದು ಜಗಲಿ ಸಾಕು.

ಕಳೆದ ನವರಾತ್ರಿಯಲ್ಲಿ ನಮ್ಮ ಜಗಲಿಗೂ ಬಂದಿದ್ದರು. ಇಬ್ಬರಲ್ಲಿ ಒಬ್ಬಳು ಹುಡುಗಿ, ಕೃಷ್ಣ ಅವಳದೇ. ಎದುರಿನ ಅರ್ಜುನ ನಡುವೆ ಮಾತು ಮರೆತಾಗ ಅವಳು ಕೋಲಿನ ತುದಿಯಿಂದ ಅವನ ಮೊಣಕಾಲನ್ನು ಮೆಲ್ಲಗೆ ಮುಟ್ಟಿ, ಕೃಷ್ಣನ ಮಾತಿನೊಳಗೇ ಸೇರಿಸಿ ಅರ್ಜುನನ ಮಾತನ್ನು ನೆನಪಿಸಿದಳು. ಭಾಗವತರು ಕಣ್ಣುಮುಚ್ಚಿ ತಾಳ ಹಾಕುತ್ತಲೇ ಇದ್ದರು. ನಾವು ಅಕ್ಕಿ, ಕಾಯಿ ತಟ್ಟೆಯಲ್ಲಿಟ್ಟೆವು. ಅವರು ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಓಡಿದರು. ಅಲ್ಲಿ ಆಗಲೇ ದೀಪ ಹಚ್ಚಿ ಕಾಯುತ್ತಿದ್ದರು.