ಅಂಬೆಗಾಲು ಮತ್ತು ಗಾಲಿಬಂಡಿ

ಕಳೆದ ತಿಂಗಳು ನನ್ನ ಮಗಳು ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದಳು. "ಅಪ್ಪ, ಮಗುವಿಗೆ ಎಂಟು ತಿಂಗಳಾಯಿತು. ಅತ್ತೆಯವರು ವಾಕರ್ ತಂದುಕೊಡುತ್ತೇನೆ ಎನ್ನುತ್ತಿದ್ದಾರೆ. ತರಿಸಲೋ ಬೇಡವೋ, ನೀವೇ ಹೇಳಿ." ಪ್ರಶ್ನೆ ಸಣ್ಣದು. ಆದರೆ ಒಡನೆಯೇ ಉತ್ತರ ಹೇಳಲು ನನಗೆ ನಾಲಗೆ ಬರಲಿಲ್ಲ. ಕೇಳಿದವಳ ಬಲಹುಬ್ಬಿನ ಮೇಲೆ ಅರ್ಧ ಅಂಗುಲದ ಒಂದು ಗಾಯದ ಗುರುತಿದೆ. ಅದು ಹೇಗೆ ಬಂತೆಂಬುದು ಅವಳಿಗೆ ನೆನಪಿಲ್ಲ. ನನಗೆ ಚೆನ್ನಾಗಿ ನೆನಪಿದೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಮೂವತ್ತು ವರ್ಷ ಶಾಲೆಯಲ್ಲಿ ಚರಿತ್ರೆ ಕಲಿಸಿದವನಿಗೆ, ಯಾವ ಪ್ರಶ್ನೆ ಎದುರಾದರೂ ಅದರ ಪೂರ್ವೋತ್ತರವನ್ನು ಹುಡುಕುವ ಚಾಳಿ ಅಂಟಿಕೊಂಡಿರುತ್ತದೆ. ಹಾಗೆ ಹುಡುಕಿದಾಗ ನನಗೆ ಆಶ್ಚರ್ಯವಾಯಿತು. ನಿನ್ನೆ ಮೊನ್ನೆಯ ಪ್ಲಾಸ್ಟಿಕ್ ಸಾಮಾನೆಂದು ನಾವು ತಿಳಿದಿರುವ ಈ ವಾಕರಿಗೆ ಹೆಚ್ಚುಕಡಿಮೆ ಆರು ಶತಮಾನಗಳ ವಂಶಾವಳಿಯಿದೆ. ಇಂಥ ಸಾಧನಗಳ ಬಗೆಗಿನ ಎಚ್ಚರಿಕೆಯ ಮಾತಿಗೂ ನಾಲ್ಕು ಶತಮಾನ ಮೀರಿದ ವಯಸ್ಸಾಗಿದೆ.

ಯೂರೋಪಿನ ನೆದರ್‌ಲೆಂಡ್ಸ್ ಪ್ರಾಂತದಲ್ಲಿ, ಉಟ್ರೆಕ್ಟ್ ನಗರದಲ್ಲಿ, 1440ರ ಸುಮಾರಿಗೆ ಕ್ಯಾಥರೀನ್ ಆಫ್ ಕ್ಲೀವ್ಸ್ ಎಂಬ ರಾಣಿವಾಸದವಳಿಗಾಗಿ ಒಂದು ಪ್ರಾರ್ಥನಾ ಪುಸ್ತಕವನ್ನು ಕೈಯಿಂದ ಬರೆದು, ಚಿತ್ರಗಳಿಂದ ಅಲಂಕರಿಸಿದರು. ಈಗ ಅದು ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ. ಅದರ ಒಂದು ಪುಟ್ಟ ಚಿತ್ರದಲ್ಲಿ ಏಸುವಿನ ಮನೆಯ ಒಳಾಂಗಣ ಕಾಣುತ್ತದೆ. ಜೋಸೆಫ್ ಮರಕ್ಕೆ ಉಜ್ಜುಗೊರಡು ಹಾಕುತ್ತಿದ್ದಾನೆ. ಮೇರಿ ಮಗ್ಗದ ಮುಂದೆ ಕುಳಿತಿದ್ದಾಳೆ. ಅವರ ನಡುವೆ, ಗಾಲಿಗಳಿರುವ ಮರದ ಚೌಕಟ್ಟಿನೊಳಗೆ ಬಾಲಏಸು ನಿಂತಿದ್ದಾನೆ. ಚಿತ್ರಕಾರ ದೇವರ ಮನೆಯನ್ನು ಚಿತ್ರಿಸಲು ತನ್ನ ಊರಿನ ಮನೆಯನ್ನೇ ಮಾದರಿಯಾಗಿ ಇಟ್ಟುಕೊಂಡನೆಂಬುದು ಸ್ಪಷ್ಟ. ನನ್ನ ಗಮನವನ್ನು ಸೆಳೆದದ್ದು ಬಂಡಿಯಲ್ಲ, ತಂದೆತಾಯಿಗಳ ಕೈಗಳು. ಎರಡು ಜೊತೆ ಕೈಗಳಿಗೂ ಕೆಲಸವಿದೆ. ಮಗುವನ್ನು ಹಿಡಿಯಲು ಬಿಡುವಾದ ಕೈ ಆ ಮನೆಯಲ್ಲಿ ಇಲ್ಲ. ಬಂಡಿ ಹುಟ್ಟಿದ ಕಾರಣವನ್ನು ಆ ಚಿತ್ರ ಒಂದೂ ಮಾತಿಲ್ಲದೆ ಹೇಳುತ್ತದೆ.

ಇದಾದ ಎರಡು ಶತಮಾನಗಳ ಮೇಲೆ, 1646ರ ಸುಮಾರಿಗೆ, ಅದೇ ಸೀಮೆಯ ಮಹಾಕಲಾವಿದ ರೆಂಬ್ರಾಂಟ್ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ತೆಗೆದ ಒಂದು ಚಿತ್ರವಿದೆ. ಮುಂಭಾಗದಲ್ಲಿ ಇಬ್ಬರು ತರುಣರು ಚಿತ್ರಾಭ್ಯಾಸಕ್ಕೆಂದು ಮೈ ತೋರಿ ನಿಂತು, ಕುಳಿತು ಇದ್ದಾರೆ. ಹಿಂಭಾಗದಲ್ಲಿ ಹೆಂಗಸೊಬ್ಬಳು ಗಾಲಿಬಂಡಿಯೊಳಗಿನ ಮಗುವನ್ನು ತನ್ನತ್ತ ಕರೆಯುತ್ತಿದ್ದಾಳೆ. ಅಭ್ಯಾಸದಿಂದ ಮಗುವಿಗೆ ನಡಿಗೆ ಬರುವಂತೆ ಶಿಷ್ಯನಿಗೆ ಕಲೆ ಬರುತ್ತದೆ ಎಂಬುದು ಇದರ ಭಾವವೆಂದು ಕಲಾಚರಿತ್ರೆಯನ್ನು ಬಲ್ಲವರು ಅರ್ಥ ಹೇಳಿದ್ದಾರೆ. ಅಂದರೆ ಆ ಹೊತ್ತಿಗೆ ಗಾಲಿಬಂಡಿ ಮನೆಮನೆಯ ವಸ್ತುವಾಗಿ, ಉಪಮಾನಕ್ಕೆ ಒದಗುವಷ್ಟು ಪರಿಚಿತವಾಗಿತ್ತು.

ಬಿಡುವಿಲ್ಲದ ಕೈಗಳಷ್ಟೇ ಇದಕ್ಕೆ ಕಾರಣವಲ್ಲ. ಆ ಮನೆಗಳಲ್ಲಿ ಉರಿಯುವ ಒಲೆಗೆ ಮರೆಯಿರಲಿಲ್ಲ; ನೆಲ ಕೊರೆಯುವಷ್ಟು ತಣ್ಣಗಿರುತ್ತಿತ್ತು. ಇವೆರಡಕ್ಕಿಂತ ಬಲವಾದದ್ದು ಒಂದು ನಂಬಿಕೆ: ನಾಲ್ಕು ಕಾಲಿನಲ್ಲಿ ಹರಿದಾಡುವುದು ಪಶುವಿನ ಲಕ್ಷಣ, ನೆಟ್ಟಗೆ ನಿಲ್ಲುವುದು ಮನುಷ್ಯನ ಲಕ್ಷಣ; ಆದ್ದರಿಂದ ಮಗುವನ್ನು ಆದಷ್ಟು ಬೇಗ ನೆಟ್ಟಗೆ ನಿಲ್ಲಿಸಬೇಕು. ಹುಟ್ಟಿದ ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು, ತುಸು ಬೆಳೆದ ಮೇಲೆ ಅಂಗಿಯ ಹೆಗಲಿಗೆ ಪಟ್ಟಿ ಕಟ್ಟಿ ಹಿಂದಿನಿಂದ ಹಿಡಿದು ನಡೆಸುವುದು, ಬಿದ್ದರೆ ತಲೆಗೆ ಪೆಟ್ಟಾಗದಿರಲೆಂದು ಹತ್ತಿ ತುಂಬಿದ ಟೊಪ್ಪಿಗೆ ಹಾಕುವುದು, ಗಾಲಿಬಂಡಿಯಲ್ಲಿ ನಿಲ್ಲಿಸುವುದು, ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು.

ಇದನ್ನು ಮೆಚ್ಚದವರೂ ಇದ್ದರು. ಹದಿನಾರನೆಯ ಶತಮಾನದಲ್ಲಿ ಬಾಸೆಲ್ ನಗರದಲ್ಲಿದ್ದ ಫೆಲಿಕ್ಸ್ ವುರ್ಟ್ಸ್ ಎಂಬ ಶಸ್ತ್ರವೈದ್ಯ, ಮಕ್ಕಳನ್ನು ನಿಲ್ಲಿಸುವ ಪೀಠಗಳನ್ನು ಕುರಿತು ಕಟುವಾಗಿ ಬರೆದಿದ್ದಾನೆ. ತಾಯಿಯೋ ದಾದಿಯೋ ಮಗುವನ್ನು ಅದರಲ್ಲಿ ನಿಲ್ಲಿಸಿ, ಇನ್ನು ಚಿಂತೆಯಿಲ್ಲವೆಂದು ತಮ್ಮ ಕೆಲಸಕ್ಕೆ ಹೋಗಿಬಿಡುತ್ತಾರೆ. ಒಳಗೆ ನಿಂತ ಕೂಸಿನ ಸಂಕಟ ಅವರಿಗೆ ತಿಳಿಯುವುದಿಲ್ಲ. ಇಂಥ ಪೀಠಗಳನ್ನೆಲ್ಲ ಸುಟ್ಟುಹಾಕಿದರೆ ಒಳ್ಳೆಯದು ಎಂದು ಅವನ ಅಭಿಪ್ರಾಯ. ಮುಂದೆ 1762ರಲ್ಲಿ ರೂಸೋ ತನ್ನ 'ಎಮಿಲ್' ಗ್ರಂಥದಲ್ಲಿ, ತಾನು ಬೆಳೆಸುವ ಹುಡುಗನಿಗೆ ಹತ್ತಿಯ ಟೊಪ್ಪಿಗೆಯೂ ಬೇಡ, ಗಾಲಿಬಂಡಿಯೂ ಬೇಡ, ಹೆಗಲಪಟ್ಟಿಯೂ ಬೇಡ ಎಂದು ಸಾರಿದ. ಹುಲ್ಲುಗಾವಲಿನಲ್ಲಿ ಬಿಟ್ಟರೆ ದಿನಕ್ಕೆ ನೂರು ಸಲ ಬೀಳಲಿ, ಏಳುವುದನ್ನು ಅಷ್ಟು ಬೇಗ ಕಲಿತಾನು ಎಂಬುದು ಅವನ ವಾದ. ತನ್ನ ಸ್ವಂತ ಐದು ಮಕ್ಕಳನ್ನು ಅನಾಥಾಲಯಕ್ಕೆ ಒಪ್ಪಿಸಿದ ಮನುಷ್ಯ ಈ ಮಾತು ಹೇಳಿದನೆಂಬುದನ್ನು ಚರಿತ್ರೆ ಮರೆಯುವಂತಿಲ್ಲ. ಆದರೂ ಮಾತು ಸುಳ್ಳಲ್ಲ.

ಅಲ್ಲಿ ಹರಿದಾಡುವುದು ಪಶುಲಕ್ಷಣವಾಗಿದ್ದರೆ ನಮ್ಮಲ್ಲಿ ಅದು ದೇವರ ಲೀಲೆಯಾಯಿತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿದೊಡನೆ ದೊಡ್ಡಮಳೂರು ಸಿಗುತ್ತದೆ. ಅಲ್ಲಿನ ಅಪ್ರಮೇಯಸ್ವಾಮಿಯ ಗುಡಿಯಲ್ಲಿ ಅಂಬೆಗಾಲು ಕೃಷ್ಣನ ಸನ್ನಿಧಿಯಿದೆ. ಕೈಯಲ್ಲಿ ಬೆಣ್ಣೆ ಹಿಡಿದು ಮೊಣಕಾಲೂರಿ ಮುಂದೆ ಸರಿಯುತ್ತಿರುವ ಬಾಲಕನ ಮೂರ್ತಿ ಅದು. ಮಕ್ಕಳಿಲ್ಲದವರು ಹರಕೆ ಹೊತ್ತು ಅಲ್ಲಿ ಪುಟ್ಟ ತೊಟ್ಟಿಲುಗಳನ್ನು ಒಪ್ಪಿಸುತ್ತಾರೆ. ನಾನು ಆ ಮೂರ್ತಿಯನ್ನು ನೋಡಿದಾಗಲೆಲ್ಲ ಅಂದುಕೊಳ್ಳುವುದಿದೆ: ಇನ್ನೂ ನಡೆಯದ ಮಗುವನ್ನು, ನಡೆಯದಿರುವ ಆ ಸ್ಥಿತಿಯಲ್ಲಿಯೇ ಪೂರ್ಣವೆಂದು ಕಂಡು ಕೈಮುಗಿದ ಜನ ನಾವು.

ಹಾಗೆಂದು ನಮ್ಮವರಿಗೆ ಅವಸರವಿರಲಿಲ್ಲ ಎನ್ನಲಾರೆ. ಅದೇ ಚನ್ನಪಟ್ಟಣ, ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಗೊಂಬೆ ಕೆಲಸಗಾರರ ಊರು. ಮೂರು ಗಾಲಿಯ, ಮೇಲೆ ಅಡ್ಡ ಹಿಡಿಯಿರುವ ಮರದ ಬಂಡಿ ನಮ್ಮ ಜಾತ್ರೆಗಳಲ್ಲಿ, ಸಂತೆಗಳಲ್ಲಿ ಬಹುಕಾಲದಿಂದ ಮಾರಾಟವಾಗುತ್ತಿದೆ. ಆದರೆ ಇಲ್ಲೊಂದು ಭೇದವಿದೆ. ಅದನ್ನು ಒತ್ತಿ ಹೇಳಬೇಕು. ನಮ್ಮ ಬಂಡಿಯ ಹಿಂದೆ ಮಗು ನಿಲ್ಲುತ್ತದೆ; ಒಳಗೆ ಕೂಡುವುದಿಲ್ಲ. ತಾನಾಗಿ ಎದ್ದು ನಿಲ್ಲಬಲ್ಲ ಮಗುವಿಗೆ ಮಾತ್ರ ಅದು ಒದಗುತ್ತದೆ. ಮೈಭಾರ ಮಗುವಿನದೇ, ಸಮತೋಲವೂ ಅದರದೇ. ಕೈ ಬಿಟ್ಟರೆ ಕುಳಿತುಬಿಡುತ್ತದೆ. ಮೆಟ್ಟಿಲ ಬಳಿ ಅದೂ ಅಪಾಯವೇ, ಇಳಿಜಾರಿನಲ್ಲಿ ಅದೂ ಓಡಿಹೋಗುತ್ತದೆ. ಆದರೆ ನಡೆಯಲಾರದ ಮಗುವಿಗೆ ಅದು ಓಟವನ್ನು ಕೊಡುವುದಿಲ್ಲ.

ಇಪ್ಪತ್ತನೆಯ ಶತಮಾನದ ವಾಕರ್ ಕೊಟ್ಟದ್ದು ಅದನ್ನೇ. ದುಂಡನೆಯ ಚೌಕಟ್ಟು, ನಡುವೆ ತೂಗುವ ಬಟ್ಟೆಯ ಆಸನ, ಸುತ್ತ ತಟ್ಟೆ, ಕೆಳಗೆ ಎಲ್ಲ ದಿಕ್ಕಿಗೂ ತಿರುಗುವ ಗಾಲಿಗಳು. ಇದರಲ್ಲಿ ಕುಳಿತ ಮಗು ಬೆರಳ ತುದಿಯಿಂದ ನೆಲವನ್ನು ಒದ್ದರೆ ಸೆಕೆಂಡಿಗೆ ಮೂರು ಅಡಿಗೂ ಹೆಚ್ಚು ದೂರ ಸಾಗಬಲ್ಲದು. ಕೈಗೆ ಎಟುಕದಿದ್ದ ಕಾಫಿಯ ಲೋಟ ಎಟುಕುತ್ತದೆ. ದೂರವಿದ್ದ ಮೆಟ್ಟಿಲು ಹತ್ತಿರವಾಗುತ್ತದೆ. ಅಮೆರಿಕದಲ್ಲಿ 1990ನೆಯ ಇಸವಿ ಒಂದರಲ್ಲೇ ಹದಿನೈದು ತಿಂಗಳೊಳಗಿನ ಸುಮಾರು 20,650 ಮಕ್ಕಳು ವಾಕರಿನಿಂದ ಗಾಯಗೊಂಡು ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದರೆಂದು ಅಂದಾಜು. 1990ರಿಂದ 2014ರವರೆಗಿನ ಲೆಕ್ಕ 2,30,000 ಮೀರಿತು. ಅವರಲ್ಲಿ ನೂರಕ್ಕೆ ತೊಂಬತ್ತು ಮಕ್ಕಳಿಗೆ ಪೆಟ್ಟಾದದ್ದು ತಲೆಗೆ ಅಥವಾ ಕತ್ತಿಗೆ. ನೂರಕ್ಕೆ ಎಪ್ಪತ್ನಾಲ್ಕು ಮಕ್ಕಳು ಬಿದ್ದದ್ದು ಮೆಟ್ಟಿಲಿನಿಂದ. 1973ರಿಂದ 1998ರೊಳಗೆ ಮೂವತ್ನಾಲ್ಕು ಸಾವುಗಳೂ ದಾಖಲಾದವು.

1997ರಲ್ಲಿ ಅಲ್ಲಿನ ತಯಾರಕರ ನಿಯಮಗಳು ಬದಲಾದವು. ವಾಕರ್ ಬಾಗಿಲಿಗಿಂತ ಅಗಲವಾಗಿರಬೇಕು, ಇಲ್ಲವೇ ಗಾಲಿಯೊಂದು ಅಂಚನ್ನು ದಾಟಿದೊಡನೆ ನೆಲಕ್ಕೆ ಕಚ್ಚಿಕೊಂಡು ನಿಲ್ಲುವ ಏರ್ಪಾಡಿರಬೇಕು ಎಂದಾಯಿತು. 2003ರ ಹೊತ್ತಿಗೆ ಗಾಯಾಳುಗಳ ಸಂಖ್ಯೆ 3,201ಕ್ಕೆ ಇಳಿಯಿತು; 2010ರಲ್ಲಿ ಸರ್ಕಾರವೇ ಕಡ್ಡಾಯ ನಿಯಮ ತಂದಿತು. ಕೆನಡಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2004ರ ಏಪ್ರಿಲಿನಲ್ಲಿ ವಾಕರುಗಳ ಮಾರಾಟವನ್ನೂ ಆಮದನ್ನೂ ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಅಂಥದೇ ನಿಷೇಧವನ್ನು ಕೇಳುತ್ತ ಬಂದಿದೆ. ನಮ್ಮ ದೇಶದಲ್ಲಿ ವಾಕರ್ ಇಂದಿಗೂ ಪೇಟೆಯಲ್ಲಿ ಸಲೀಸಾಗಿ ಸಿಗುತ್ತದೆ.

ಅಪಾಯವಿರಲಿ, ಬೇಗ ನಡೆಯುವುದನ್ನಾದರೂ ಕಲಿಸುತ್ತದೆಯೇ? ಅದೂ ಇಲ್ಲ. ಐರ್ಲೆಂಡಿನಲ್ಲಿ 190 ಮಕ್ಕಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟು ಇಪ್ಪತ್ನಾಲ್ಕು ಗಂಟೆಗಳ ವಾಕರ್ ಬಳಕೆಗೆ ಒಂಟಿಯಾಗಿ ನಡೆಯುವುದು ಮೂರು ದಿನಕ್ಕಿಂತ ತುಸು ಹೆಚ್ಚು ತಡವಾದದ್ದು ಕಂಡುಬಂತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಆಸನ ಮೈಭಾರವನ್ನು ಹೊರುತ್ತದೆ; ಮಗು ಸಮತೋಲವನ್ನು ಕಲಿಯಬೇಕಾಗಿಲ್ಲ. ತಟ್ಟೆ ಅಡ್ಡವಿರುವುದರಿಂದ ತನ್ನ ಪಾದ ತನಗೇ ಕಾಣದು. ವಾಕರಿನಲ್ಲಿ ಬೆಳೆದವರೆಲ್ಲ ಕುಂಟುತ್ತಾರೆಂದು ಇದರ ಅರ್ಥವಲ್ಲ; ಈ ತಡ ಕೆಲವು ದಿನಗಳ, ವಾರಗಳ ಮಾತು. ಆದರೆ ಯಾವ ಲಾಭಕ್ಕಾಗಿ ಕೊಳ್ಳುತ್ತೇವೆಯೋ ಆ ಲಾಭವೇ ಅಲ್ಲಿಲ್ಲ. ಅಷ್ಟಕ್ಕೂ ಅವಸರವೇಕೆ? ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆರೋಗ್ಯವಂತ ಮಗು ಎಂಟು ತಿಂಗಳಿನಿಂದ ಹದಿನೇಳೂವರೆ ತಿಂಗಳೊಳಗೆ ಯಾವಾಗ ಬೇಕಾದರೂ ಒಂಟಿಯಾಗಿ ನಡೆಯಬಹುದು. ಪಕ್ಕದ ಮನೆಯ ಮಗು ಹತ್ತು ತಿಂಗಳಿಗೇ ನಡೆದರೆ ನಮ್ಮ ಮಗುವಿಗೆ ಏನೋ ಕೊರತೆಯಿದೆ ಎಂದುಕೊಳ್ಳಬೇಕಿಲ್ಲ.

ಇನ್ನು ಆ ಗಾಯದ ಗುರುತಿನ ವಿಷಯ. 1993ರಲ್ಲಿ ನಾವು ಒಂದು ತಾಲ್ಲೂಕು ಊರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಮಗಳಿಗೆ ಒಂಬತ್ತು ತಿಂಗಳು. ನಾನೇ ಆಸೆಪಟ್ಟು ವಾಕರ್ ತಂದಿದ್ದೆ. ಒಳಮನೆಯಲ್ಲಿ ಹೊಸಿಲುಗಳು ಅಡ್ಡಬರುತ್ತವೆಂದು ಅದನ್ನು ಮುಂದಿನ ಪಡಸಾಲೆಯಲ್ಲಿ ಬಿಡುತ್ತಿದ್ದೆವು. ಪಡಸಾಲೆಯಿಂದ ಅಂಗಳಕ್ಕೆ ಮೂರು ಕಲ್ಲಿನ ಮೆಟ್ಟಿಲು. ಒಂದು ಮಧ್ಯಾಹ್ನ ನಾನು ಅಲ್ಲೇ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಂದು ಪುಟ ಮಗುಚಿದೆ. ಅಂಕ ಹಾಕಿ ತಲೆಯೆತ್ತಿದಾಗ ವಾಕರ್ ಅಂಗಳದಲ್ಲಿ ಮಗುಚಿ ಬಿದ್ದಿತ್ತು. ನನಗೂ ಅದಕ್ಕೂ ನಡುವೆ ಇದ್ದದ್ದು ನಾಲ್ಕು ಮಾರು. ಹುಬ್ಬಿಗೆ ಎರಡು ಹೊಲಿಗೆ ಬಿತ್ತು. ಹೊಲಿಗೆ ಹಾಕಿದ ವೈದ್ಯರು, "ಮಗುವಿನ ಹತ್ತಿರ ಯಾರೂ ಇರಲಿಲ್ಲವೇ ಮೇಷ್ಟ್ರೇ?" ಎಂದು ಕೇಳಿದರು. "ನಾನೇ ಇದ್ದೆ" ಎಂದೆ. ನನ್ನ ಹೆಂಡತಿ ಅಂದಿನಿಂದ ಇಂದಿನವರೆಗೆ ಆ ವಿಷಯವಾಗಿ ಒಂದು ಮಾತನ್ನೂ ಆಡಿಲ್ಲ.

'ಕಣ್ಣಿಟ್ಟು ನೋಡಿಕೊಂಡರೆ ಸಾಕು' ಎಂದು ಹೇಳುವವರಿಗೆ ನನ್ನ ಉತ್ತರ ಇದೇ. ನಾನು ಹತ್ತಿರವೇ ಇದ್ದೆ. ನಾವು ಅಡ್ಡಿಯೆಂದು ತಿಳಿದ ಹೊಸಿಲು ಮಗುವಿಗೆ ಕಾವಲಾಗಿತ್ತು. ಆ ಕಾವಲನ್ನು ತಪ್ಪಿಸಿದವನೂ ನಾನೇ. ಐನೂರು ವರ್ಷಗಳ ಹಿಂದಿನ ಆ ಚಿತ್ರದ ಜೋಸೆಫನಂತೆ ನನ್ನ ಕೈಯಲ್ಲೂ ಕೆಲಸವಿತ್ತು. ಬಂಡಿಯನ್ನು ಮಗುವಿಗಾಗಿ ತಂದೆನೆಂದು ನಾನು ನಂಬಿದ್ದೆ. ನಿಜವಾಗಿ ತಂದದ್ದು ನನ್ನ ಕೈಗಳ ಬಿಡುವಿಗಾಗಿ. ದುಡಿಯುವ ಮನೆಗಳಲ್ಲಿ ಆ ಬಿಡುವು ಬೇಕಾದದ್ದೇ. ಅದಕ್ಕಾಗಿ ಯಾವ ತಾಯಿಯನ್ನೂ ದೂರಲಾಗದು. ಆದರೆ ಬಿಡುವನ್ನು ಬೇರೆ ರೀತಿಯಲ್ಲಿ ಪಡೆಯಬಹುದು.

ಮಗಳಿಗೆ ಮರುದಿನ ಫೋನು ಮಾಡಿ ಹೇಳಿದೆ: "ಬೇಡಮ್ಮ. ನೆಲದ ಮೇಲೊಂದು ಚಾಪೆ ಹಾಸು. ಮೆಟ್ಟಿಲಿಗೂ ಅಡುಗೆಮನೆಗೂ ಅಡ್ಡ ಹಲಗೆ ಇಡು. ಬಿಸಿ ಪಾತ್ರೆ, ನೀರಿನ ಬಕೆಟ್ಟು ದೂರವಿರಲಿ. ಮಗು ಅಂಬೆಗಾಲಿಡಲಿ, ಗೋಡೆ ಹಿಡಿದು ಏಳಲಿ, ಬೀಳಲಿ. ಅತ್ತೆಯವರಿಗೆ ಉಡುಗೊರೆ ಕೊಡಬೇಕೆಂಬ ಆಸೆಯಿದ್ದರೆ, ಮಗು ತಾನಾಗಿ ನಿಲ್ಲುವಂತಾದ ಮೇಲೆ ಚನ್ನಪಟ್ಟಣದ ತಳ್ಳುಬಂಡಿಯೊಂದನ್ನು ಕೊಡಲಿ. ಸಮನೆಲದಲ್ಲಿ, ನಿಮ್ಮ ಕಣ್ಣೆದುರಿಗೆ."

"ಅಷ್ಟೇನಾ ಅಪ್ಪ? ಇದನ್ನು ಹೇಳೋದಕ್ಕೆ ಒಂದು ದಿನ ಬೇಕಾಯಿತೇ?" ಎಂದು ನಕ್ಕಳು.

ಆಗ ಅವಳ ಹುಬ್ಬಿನ ಮೇಲಿನ ಗುರುತಿನ ಕಥೆಯನ್ನು ಹೇಳಿದೆ. ಮೂವತ್ತು ವರ್ಷಗಳಲ್ಲಿ ಅವಳಿಗೆ ಹೇಳಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ನನಗೆ ಬಾಗಿಲು ತಗುಲಿತು ಅಂತ ಹೇಳಿದ್ದಳಲ್ಲ" ಎಂದಳು.