ಪುಸ್ತಕ ಕಪಾಟಿನಲ್ಲೇ ಇದೆ, ಹೆಸರು ಬದಲಾಗಿದೆ

ಗ್ರಂಥಾಲಯದಲ್ಲಿ ಪುಸ್ತಕವೊಂದು ಕಾಣೆಯಾಗಲು ಎರಡು ದಾರಿಗಳಿವೆ. ಒಯ್ದವರು ಹಿಂದಿರುಗಿಸದಿದ್ದರೆ ಅದು ಕಾಣೆಯಾಗುತ್ತದೆ. ಇದು ಎಲ್ಲರಿಗೂ ತಿಳಿದದ್ದು. ಇನ್ನೊಂದು ದಾರಿ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಪುಸ್ತಕ ತನ್ನ ಕಪಾಟಿನಲ್ಲೇ ಇರುತ್ತದೆ. ಆದರೆ ಓದುಗ ಯಾವ ಹೆಸರಿನಲ್ಲಿ ಹುಡುಕುತ್ತಾನೋ ಆ ಹೆಸರು ಗ್ರಂಥಾಲಯದ ಸೂಚಿಯಲ್ಲಿ ಇರುವುದಿಲ್ಲ. ‘ಇಲ್ಲ’ ಎಂದುಕೊಂಡು ಆತ ಹಿಂದಿರುಗುತ್ತಾನೆ. ಸಾವಿರ ಪುಸ್ತಕಗಳಿರುವ ಊರ ವಾಚನಾಲಯದಲ್ಲಿ ಇದು ದೊಡ್ಡ ತೊಂದರೆಯಲ್ಲ. ಗ್ರಂಥಪಾಲರನ್ನು ಕೇಳಿದರೆ ಎದ್ದು ಹುಡುಕಿಕೊಡುತ್ತಾರೆ. ಲಕ್ಷಗಟ್ಟಲೆ ಪುಸ್ತಕಗಳಿರುವ ಕಡೆ ಸೂಚಿಯೇ ಕಣ್ಣು. ಅದಕ್ಕೆ ಕಾಣದ್ದು ಇಲ್ಲವೆಂದೇ ಲೆಕ್ಕ.

ಸೂಚಿಯನ್ನು ಬರೆಯಲು ನಿಯಮಗಳಿವೆ. ಲೇಖಕನ ಹೆಸರಿನ ಯಾವ ಭಾಗ ಮೊದಲು ಬರಬೇಕು, ಕಾವ್ಯನಾಮವಿದ್ದರೆ ಯಾವುದನ್ನು ಹಿಡಿಯಬೇಕು, ಸರ್ಕಾರಿ ವರದಿಗೆ ಕರ್ತೃ ಯಾರು, ವಿಷಯವನ್ನು ಯಾವ ಪದದಿಂದ ಕರೆಯಬೇಕು ಎಂಬುದನ್ನೆಲ್ಲ ಅವು ಹೇಳುತ್ತವೆ. ನೂರೆಂಬತ್ತು ವರ್ಷಗಳಿಂದ ಈ ನಿಯಮಗಳು ಮತ್ತೆ ಮತ್ತೆ ಬದಲಾಗುತ್ತ ಬಂದಿವೆ. ಬಹುಪಾಲು ಬದಲಾವಣೆಗಳಿಗೆ ಒಳ್ಳೆಯ ಕಾರಣಗಳೇ ಇದ್ದವು. ಆದರೆ ಪ್ರತಿ ಸಲವೂ ಹಳೆಯ ದಾಖಲೆಗೂ ಹೊಸ ದಾಖಲೆಗೂ ನಡುವೆ ಒಂದು ಬಿರುಕು ಉಳಿಯಿತು. ಆ ಬಿರುಕನ್ನು ತುಂಬಬೇಕಾದವರು ಯಾರು? ಗ್ರಂಥಾಲಯವೋ, ಓದುಗನೋ? ಸೂಚೀಕರಣದ ಇತಿಹಾಸವನ್ನು ಈ ಒಂದು ಪ್ರಶ್ನೆಯ ಸುತ್ತ ಹೇಳಬಹುದು.

ಆಧುನಿಕ ನಿಯಮಗಳ ಆರಂಭ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಆಯಿತು. ಇಟಲಿಯಿಂದ ರಾಜಕೀಯ ಕಾರಣಕ್ಕೆ ತಪ್ಪಿಸಿಕೊಂಡು ಬಂದಿದ್ದ ಆಂತೋನಿಯೊ ಪನೀಟ್ಸಿ 1837ರಲ್ಲಿ ಅಲ್ಲಿನ ಮುದ್ರಿತ ಗ್ರಂಥಗಳ ಮುಖ್ಯಸ್ಥನಾದ. ಅವನೂ ಅವನ ಸಹಾಯಕರೂ ರೂಪಿಸಿದ 91 ನಿಯಮಗಳು 1841ರಲ್ಲಿ ಅಚ್ಚಾದವು. ಪುಸ್ತಕದ ಪಟ್ಟಿ ಮಾಡಲು ಇಷ್ಟು ನಿಯಮಗಳೇಕೆ ಎಂದು ಅನೇಕರು ಹುಬ್ಬೇರಿಸಿದರು. ಇತಿಹಾಸಕಾರ ಥಾಮಸ್ ಕಾರ್ಲೈಲ್ ಕೂಡ ದೂರಿದವರಲ್ಲಿ ಒಬ್ಬ. ವಿಚಾರಣೆಗೆ ಒಂದು ರಾಯಲ್ ಕಮಿಷನ್ನೇ ಕುಳಿತಿತು. ಒಬ್ಬನೇ ಲೇಖಕನ ಕೃತಿಗಳು, ಒಂದೇ ಕೃತಿಯ ಬೇರೆ ಬೇರೆ ಮುದ್ರಣಗಳು ಸೂಚಿಯಲ್ಲಿ ಚದುರಿಹೋಗಬಾರದು, ಅದಕ್ಕೆ ನಿಯಮ ಬೇಕೇ ಬೇಕು ಎಂಬುದು ಪನೀಟ್ಸಿಯ ವಾದ. 1850ರಲ್ಲಿ ವರದಿ ಬಂದಾಗ ಅವನ ಕೈಯೇ ಮೇಲಾಯಿತು.

ಅಮೆರಿಕದಲ್ಲಿ ಚಾರ್ಲ್ಸ್ ಕಟರ್ 1876ರಲ್ಲಿ ತನ್ನ ನಿಯಮಾವಳಿಯನ್ನು ಪ್ರಕಟಿಸಿದ. ಸೂಚಿ ಬರೆಯುವವನ ಅನುಕೂಲಕ್ಕಿಂತ ಓದುಗನ ಅನುಕೂಲವೇ ಮೊದಲು ಎಂಬ ಮಾತನ್ನು ಸ್ಪಷ್ಟವಾಗಿ ಹೇಳಿದವನು ಅವನು. 1901ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ತಾನು ಅಚ್ಚು ಹಾಕಿಸಿದ ಸೂಚಿ ಕಾರ್ಡುಗಳನ್ನು ಬೇರೆ ಗ್ರಂಥಾಲಯಗಳಿಗೆ ಮಾರಲು ತೊಡಗಿತು. ಏಳೂವರೆ ಸೆಂಟಿಮೀಟರ್ ಎತ್ತರ, ಹನ್ನೆರಡೂವರೆ ಸೆಂಟಿಮೀಟರ್ ಅಗಲದ ಆ ಕಾರ್ಡು ಮರದ ಸಣ್ಣ ಡ್ರಾಯರುಗಳಲ್ಲಿ ಸೇರಿ ದೇಶದ ಉದ್ದಗಲಕ್ಕೂ ಹರಡಿತು. ಇದರಿಂದ ಎಷ್ಟೋ ದುಡಿಮೆ ಉಳಿಯಿತು. ಆದರೆ ಇನ್ನು ಮುಂದೆ ವಾಷಿಂಗ್ಟನ್ನಿನಲ್ಲಿ ಒಂದು ಅಲ್ಪವಿರಾಮ ಜಾಗ ಬದಲಿಸಿದರೂ ಸಾವಿರಾರು ಊರುಗಳ ಡ್ರಾಯರುಗಳಿಗೆ ಅದರ ಬಿಸಿ ತಟ್ಟುವಂತಾಯಿತು.

ಟ್ವೇನ್ ‘ಸಿ’ಯಲ್ಲಿದ್ದ ಕಾಲ

ಮಾರ್ಕ್ ಟ್ವೇನ್ ಎಂಬುದು ಕಾವ್ಯನಾಮ. ಆತನ ನಿಜವಾದ ಹೆಸರು ಸ್ಯಾಮ್ಯುಯೆಲ್ ಲ್ಯಾಂಗ್‌ಹಾರ್ನ್ ಕ್ಲೆಮೆನ್ಸ್. ನಿಜನಾಮಕ್ಕೇ ಮಣೆ ಹಾಕುತ್ತಿದ್ದ ಹಳೆಯ ನಿಯಮದ ಪ್ರಕಾರ ಆತನ ಪುಸ್ತಕಗಳೆಲ್ಲ ‘ಸಿ’ ಅಕ್ಷರದ ಡ್ರಾಯರಿನಲ್ಲಿ ಕ್ಲೆಮೆನ್ಸ್ ಹೆಸರಿನಡಿ ಇದ್ದವು. ‘ಟಿ’ ಡ್ರಾಯರಿನಲ್ಲಿ ಟ್ವೇನ್ ಎಂದು ಹುಡುಕಿದವರಿಗೆ ಒಂದು ಚೀಟಿ ಸಿಗುತ್ತಿತ್ತು: ಟ್ವೇನ್, ಮಾರ್ಕ್, ನೋಡಿ ಕ್ಲೆಮೆನ್ಸ್. ಸಂಸ್ಥೆಗಳ ಪಾಡೂ ಹೀಗೆಯೇ. ಮಿಚಿಗನ್ ವಿಶ್ವವಿದ್ಯಾಲಯ ‘ಯೂನಿವರ್ಸಿಟಿ ಆಫ್ ಮಿಚಿಗನ್’ ಎಂದು ಸಿಗುತ್ತಿರಲಿಲ್ಲ, ‘ಮಿಚಿಗನ್. ಯೂನಿವರ್ಸಿಟಿ’ ಎಂದು ಊರಿನ ಅಥವಾ ಪ್ರಾಂತ್ಯದ ಹೆಸರಿನಿಂದ ಹುಡುಕಬೇಕಿತ್ತು.

ಎರಡನೆಯ ಮಹಾಯುದ್ಧದ ನಂತರ ಈ ನಿಯಮಗಳ ಕಾಡನ್ನು ಕಡಿಯಬೇಕೆಂಬ ಕೂಗು ಎದ್ದಿತು. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸೆಮೂರ್ ಲುಬೆಟ್‌ಸ್ಕಿ 1953ರ ತನ್ನ ವರದಿಯಲ್ಲಿ ಒಂದೊಂದು ನಿಯಮವನ್ನೂ ಎತ್ತಿಕೊಂಡು ಇದು ನಿಜಕ್ಕೂ ಬೇಕೇ ಎಂದು ಕೇಳಿದ. 1961ರಲ್ಲಿ ಪ್ಯಾರಿಸ್ಸಿನಲ್ಲಿ 53 ದೇಶಗಳ ಪ್ರತಿನಿಧಿಗಳು ಸೇರಿ ಸಾಮಾನ್ಯ ತತ್ವಗಳನ್ನು ಒಪ್ಪಿಕೊಂಡರು. ಲೇಖಕ ಯಾವ ಹೆಸರಿನಿಂದ ಓದುಗರಿಗೆ ಪರಿಚಿತನೋ ಆ ಹೆಸರನ್ನೇ ಹಿಡಿಯಬೇಕು ಎಂಬುದು ಅವುಗಳ ತಿರುಳು. ಆ ಅಡಿಪಾಯದ ಮೇಲೆ 1967ರಲ್ಲಿ ಆಂಗ್ಲೋ-ಅಮೆರಿಕನ್ ಸೂಚೀಕರಣ ನಿಯಮಗಳು ಹೊರಬಂದವು.

ನಿಯಮವೇನೋ ಬಂದಿತು, ಡ್ರಾಯರುಗಳಲ್ಲಿದ್ದ ಕಾರ್ಡುಗಳ ಗತಿ? ಒಬ್ಬ ಲೇಖಕನ ಹೆಸರು ಬದಲಾದರೆ ಆತನ ಪ್ರತಿ ಕಾರ್ಡನ್ನೂ ಹೊರತೆಗೆದು, ಅಳಿಸಿ, ಹೊಸದಾಗಿ ಟೈಪು ಮಾಡಿ, ಬೇರೆ ಡ್ರಾಯರಿನಲ್ಲಿ ಸರಿಯಾದ ಕ್ರಮದಲ್ಲಿ ಸೇರಿಸಬೇಕು. ದೊಡ್ಡ ಗ್ರಂಥಾಲಯಗಳು ಖರ್ಚನ್ನು ನೆನೆದೇ ಬೆಚ್ಚಿದವು. ಕೊನೆಗೆ ಲೈಬ್ರರಿ ಆಫ್ ಕಾಂಗ್ರೆಸ್ ಒಂದು ರಾಜಿ ಮಾಡಿಕೊಂಡಿತು: ಸೂಚಿಗೆ ಹೊಸದಾಗಿ ಬರುವ ಹೆಸರುಗಳಿಗೆ ಮಾತ್ರ ಹೊಸ ನಿಯಮ, ಆಗಲೇ ಇರುವ ಹೆಸರುಗಳು ಇದ್ದಂತೆಯೇ ಇರಲಿ. ಹೀಗೆ ಒಂದೇ ಡ್ರಾಯರಿನಲ್ಲಿ ಎರಡು ಕಾಲದ ನಿಯಮಗಳು ಅಕ್ಕಪಕ್ಕದಲ್ಲಿ ಕುಳಿತವು. ಯಾವ ಹೆಸರು ಯಾವ ಕಾಲದ್ದು ಎಂಬುದು ಒಳಗಿನವರಿಗೆ ಗೊತ್ತಿತ್ತು, ಹುಡುಕಲು ಬಂದವರಿಗೆ ಗೊತ್ತಿರಲಿಲ್ಲ.

ಈ ರಾಜಿ ಬಹಳ ಕಾಲ ನಡೆಯಲಿಲ್ಲ. 1978ರಲ್ಲಿ ನಿಯಮಾವಳಿಯ ಎರಡನೆಯ ಆವೃತ್ತಿ ಬಂದಿತು. ಅದನ್ನು ಪೂರ್ಣವಾಗಿ ಜಾರಿಗೆ ತರುವುದೆಂದು ನಿರ್ಧರಿಸಿದ ಲೈಬ್ರರಿ ಆಫ್ ಕಾಂಗ್ರೆಸ್, 1981ರ ಜನವರಿಯಿಂದ ತನ್ನ ಕಾರ್ಡು ಸೂಚಿಗೆ ಹೊಸ ಕಾರ್ಡು ಸೇರಿಸುವುದನ್ನೇ ನಿಲ್ಲಿಸಿ ಕಂಪ್ಯೂಟರನ್ನು ನೆಚ್ಚಿಕೊಂಡಿತು. ಕ್ಲೆಮೆನ್ಸ್ ಅಧಿಕೃತವಾಗಿ ಟ್ವೇನ್ ಆದ. ಹಲವು ಗ್ರಂಥಾಲಯಗಳು ಹಳೆಯ ಡ್ರಾಯರುಗಳಿಗೆ ಬಾಗಿಲು ಹಾಕಿ ಎರಡನೆಯ ಸೂಚಿಯನ್ನು ಶುರುಮಾಡಿದವು. ಒಬ್ಬ ಲೇಖಕನ ಎಲ್ಲ ಪುಸ್ತಕಗಳನ್ನು ಕಾಣಬೇಕಾದವರು ಎರಡು ಕಡೆ, ಒಮ್ಮೊಮ್ಮೆ ಎರಡು ಹೆಸರುಗಳಲ್ಲಿ ಹುಡುಕಬೇಕಾಯಿತು. ಪನೀಟ್ಸಿ ಯಾವುದನ್ನು ಚದುರಬಾರದು ಎಂದಿದ್ದನೋ ಅದು ಓದುಗನ ಅನುಕೂಲಕ್ಕೆಂದೇ ಬಂದ ಸುಧಾರಣೆಯಿಂದ ಚದುರಿತು.

ಕಂಪ್ಯೂಟರು ಕೊಟ್ಟದ್ದು, ಕಳೆದದ್ದು

ದಾಖಲೆಗಳನ್ನು ಯಂತ್ರ ಓದುವ ರೂಪಕ್ಕೆ ತಂದವರು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಹೆನ್ರಿಯೆಟ್ ಅವ್ರಮ್. ಅವರ ನೇತೃತ್ವದಲ್ಲಿ ಸಿದ್ಧವಾದ ‘ಮಾರ್ಕ್’ ಎಂಬ ವಿನ್ಯಾಸ 1960ರ ದಶಕದ ಕೊನೆಗೆ ಬಳಕೆಗೆ ಬಂದಿತು. ಜೊತೆಗೆ ಒಂದೊಂದು ಹೆಸರಿಗೂ ಪ್ರತ್ಯೇಕ ಅಧಿಕೃತ ದಾಖಲೆಯನ್ನು ಯಂತ್ರದಲ್ಲಿ ಇಡುವ ಪದ್ಧತಿ ಬೆಳೆಯಿತು. ಅದರಲ್ಲಿ ಒಪ್ಪಿತ ರೂಪವೂ ಇರುತ್ತದೆ, ಉಳಿದ ಎಲ್ಲ ರೂಪಗಳೂ ಇರುತ್ತವೆ. ಓದುಗ ಕ್ಲೆಮೆನ್ಸ್ ಎಂದರೂ ಟ್ವೇನ್ ಎಂದರೂ ಯಂತ್ರ ಒಂದೇ ಕಡೆಗೆ ಕರೆದೊಯ್ಯಬಲ್ಲದು. ಹಳೆಯ ‘ನೋಡಿ’ ಚೀಟಿಯೇ ಇಲ್ಲಿ ಕಣ್ಣಿಗೆ ಕಾಣದಂತೆ ಕೆಲಸ ಮಾಡುತ್ತದೆ.

ಆದರೆ ಕಾರ್ಡಿನಲ್ಲಿದ್ದುದೆಲ್ಲ ಯಂತ್ರಕ್ಕೆ ಹತ್ತಲಿಲ್ಲ. ಹಳೆಯ ಕಾರ್ಡುಗಳನ್ನು ಅವಸರದಲ್ಲಿ ಏರಿಸುವಾಗ ಕೆಲವು ವಿವರಗಳು ಬಿಟ್ಟುಹೋದವು, ತಪ್ಪುಗಳು ಸೇರಿಕೊಂಡವು, ಎಷ್ಟೋ ಕಡೆ ಹಳೆಯ ಹೆಸರುಗಳೇ ಉಳಿದವು. ಗ್ರಂಥಪಾಲರು ಕಾರ್ಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟ ಟಿಪ್ಪಣಿಗಳನ್ನು ಕೇಳುವವರಿರಲಿಲ್ಲ. ಕಾದಂಬರಿಕಾರ ನಿಕೋಲ್ಸನ್ ಬೇಕರ್ 1994ರಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಕಾರ್ಡುಗಳ ಈ ಸಾಮೂಹಿಕ ವಿಲೇವಾರಿಯ ವಿರುದ್ಧ ದೀರ್ಘ ಲೇಖನ ಬರೆದಾಗ ದೊಡ್ಡ ಚರ್ಚೆಯೇ ನಡೆಯಿತು. ಕಾರ್ಡುಗಳ ಕಾಲ ಹಿಂದಿರುಗಲಿಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ 1997ರಲ್ಲಿ ಕಾರ್ಡು ಮಾರಾಟವನ್ನು ನಿಲ್ಲಿಸಿತು. ಗ್ರಂಥಾಲಯಗಳ ಸಹಕಾರ ಸಂಸ್ಥೆಯಾದ ಒಸಿಎಲ್‌ಸಿ ತನ್ನ ಕೊನೆಯ ಕಾರ್ಡುಗಳನ್ನು ಅಚ್ಚು ಹಾಕಿದ್ದು 2015ರ ಅಕ್ಟೋಬರಿನಲ್ಲಿ.

ಯಂತ್ರ ಬಂದ ಮೇಲೂ ಬದಲಾವಣೆಗಳು ನಿಲ್ಲಲಿಲ್ಲ. ಚೀನೀ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ವೇಡ್-ಜೈಲ್ಸ್ ಪದ್ಧತಿಯನ್ನು ಬಿಟ್ಟು ಅಮೆರಿಕದ ಗ್ರಂಥಾಲಯಗಳು 2000ದ ಅಕ್ಟೋಬರ್ 1ರಿಂದ ಪಿನ್‌ಯಿನ್ ಪದ್ಧತಿಗೆ ತಿರುಗಿದವು. ಡೆಂಗ್ ಷಿಯಾವೊಪಿಂಗ್ ‘ಟಿ’ ಅಕ್ಷರದಿಂದ ‘ಡಿ’ಗೆ ಬಂದರು. ಉಚ್ಚಾರಣೆ ಅದೇ, ವ್ಯಕ್ತಿ ಅವರೇ. 2010ರಲ್ಲಿ ‘ಆರ್‌ಡಿಎ’ ಎಂಬ ಹೊಸ ನಿಯಮಾವಳಿ ಬಂದು 2013ರ ಮಾರ್ಚ್ 31ರಿಂದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಜಾರಿಯಾಯಿತು. ಪುಟಗಳನ್ನು ಸೂಚಿಸುತ್ತಿದ್ದ ‘ಪಿ.’ ಎಂಬ ಒಂಟಿ ಅಕ್ಷರ ಪೂರ್ಣ ಪದವಾಯಿತು. ಪ್ರಕಾಶಕರು ತಿಳಿಯದಾಗ ಹಾಕುತ್ತಿದ್ದ ಲ್ಯಾಟಿನ್ ಸಂಕ್ಷೇಪಗಳು ಹೋಗಿ ಸರಳ ಇಂಗ್ಲಿಷ್ ಬಂದಿತು. ಹಿಂದೆ ಮೂವರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲಿನವರ ಹೆಸರು ಕೊಟ್ಟು ‘ಮತ್ತಿತರರು’ ಎಂದು ಮುಗಿಸುತ್ತಿದ್ದರು. ಈಗ ಎಲ್ಲರ ಹೆಸರನ್ನೂ ಕೊಡಲು ಅವಕಾಶವಾಯಿತು. ಹಳೆಯ ದಾಖಲೆಗಳಲ್ಲಿ ‘ಮತ್ತಿತರರು’ ಆದವರು ಮಾತ್ರ, ಯಾರಾದರೂ ತಿದ್ದುವವರೆಗೆ, ಹಾಗೆಯೇ ಉಳಿಯುತ್ತಾರೆ.

ವಿಷಯಗಳ ಹೆಸರಿನಲ್ಲಂತೂ ಪೆಟ್ಟು ಇನ್ನೂ ಆಳ. 1914ರಿಂದ 1918ರವರೆಗಿನ ಯುದ್ಧ ಬಹುಕಾಲ ‘ಯುರೋಪಿನ ಯುದ್ಧ’ವೆಂದೇ ಸೂಚಿಯಲ್ಲಿ ಇತ್ತು, ಮಹಾಯುದ್ಧವೆಂಬ ಹೆಸರು ಆಮೇಲೆ ಬಂದದ್ದು. 1971ರಲ್ಲಿ ಸ್ಯಾನ್‌ಫರ್ಡ್ ಬರ್ಮನ್ ಎಂಬ ಗ್ರಂಥಪಾಲರು ಇಂಥ ವಿಷಯಪದಗಳಲ್ಲಿ ಅಡಗಿದ್ದ ಪೂರ್ವಗ್ರಹಗಳನ್ನು ಪಟ್ಟಿಮಾಡಿ ಪುಸ್ತಕವನ್ನೇ ಬರೆದರು. ಕಾಗದಪತ್ರವಿಲ್ಲದ ವಲಸಿಗರನ್ನು ‘ಅಕ್ರಮ ವಿದೇಶಿಯರು’ ಎಂದು ಕರೆಯುತ್ತಿದ್ದ ಪದವನ್ನು ಬಿಡುವುದಾಗಿ ಲೈಬ್ರರಿ ಆಫ್ ಕಾಂಗ್ರೆಸ್ 2016ರಲ್ಲಿ ಹೇಳಿದಾಗ ವಿಷಯ ಅಮೆರಿಕದ ಸಂಸತ್ತಿನವರೆಗೆ ಹೋಯಿತು. ಪದ ಬದಲಾದದ್ದು 2021ರಲ್ಲಿ. ಸೂಚಿಯ ಪದ ಬರಿಯ ವಿಳಾಸವಲ್ಲ, ಅದೊಂದು ಅಭಿಪ್ರಾಯವೂ ಹೌದು ಎಂಬುದನ್ನು ಈ ಜಗಳ ತೋರಿಸಿತು.

ನಮ್ಮ ಹೆಸರುಗಳ ಪಾಡು

ಕುಲನಾಮವನ್ನು ಮುಂದಿಡುವ ಪಶ್ಚಿಮದ ನಿಯಮ ಕನ್ನಡದ ಹೆಸರುಗಳ ಮುಂದೆ ತಡವರಿಸುತ್ತದೆ. ಶಿವರಾಮ ಕಾರಂತರಲ್ಲಿ ಕೊನೆಯ ಪದ ಕುಲನಾಮ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಲ್ಲಿ ಮೊದಲ ಪದ ಊರಿನ ಹೆಸರು, ನಾಡು ಅವರನ್ನು ಕರೆಯುವುದು ಆ ಊರಿನಿಂದಲೇ. ಕೊನೆಯ ಪದವನ್ನು ಮುಂದಿಟ್ಟರೆ ಅವರು ಅಯ್ಯಂಗಾರ್ಯರ ಗುಂಪಿನಲ್ಲಿ ಕಳೆದುಹೋಗುತ್ತಾರೆ. ಯು.ಆರ್. ಅನಂತಮೂರ್ತಿಯವರ ಹೆಸರಿನಲ್ಲಿ ಕುಲನಾಮವೇ ಇಲ್ಲ. ಕುವೆಂಪು, ಪುಟ್ಟಪ್ಪ, ಶ್ರೀರಂಗ, ಆದ್ಯ ರಂಗಾಚಾರ್ಯ, ಅಂಬಿಕಾತನಯದತ್ತ, ಬೇಂದ್ರೆ. ಯಾವುದನ್ನು ಹಿಡಿದರೂ ಇನ್ನೊಂದರಿಂದ ಒಂದು ‘ನೋಡಿ’ ಬೇಕೇ ಬೇಕು. ಸರ್ಕಾರಿ ಪ್ರಕಟಣೆಗಳಲ್ಲೂ ಅಷ್ಟೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಆಂಗ್ಲೋ-ಅಮೆರಿಕನ್ ನಿಯಮದಂತೆ ಹಿಂದಿನ ವರದಿಗಳು ಮೈಸೂರಿನ ಹೆಸರಿನಲ್ಲೇ ಇರಬೇಕು, ನಂತರದವು ಕರ್ನಾಟಕದ ಹೆಸರಿನಲ್ಲಿ. ಎರಡನ್ನೂ ಬೆಸೆಯುವ ಚೀಟಿ ಇಲ್ಲದಿದ್ದರೆ ಓದುಗನ ಪಾಲಿಗೆ ರಾಜ್ಯದ ಇತಿಹಾಸ 1973ರಲ್ಲೇ ಹುಟ್ಟುತ್ತದೆ.

ಇದನ್ನೆಲ್ಲ ಆಳವಾಗಿ ಯೋಚಿಸಿದವರು ಎಸ್.ಆರ್. ರಂಗನಾಥನ್. ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿದ್ದಾಗ 1934ರಲ್ಲಿ ತಮ್ಮದೇ ಸೂಚೀಕರಣ ಸಂಹಿತೆಯನ್ನು ಪ್ರಕಟಿಸಿದ ಅವರು, 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿ. ಅವರ ಸೂತ್ರಗಳಲ್ಲಿ ಎರಡು ಒಂದನ್ನೊಂದು ಎದುರಿಸಿ ನಿಲ್ಲುತ್ತವೆ. ಕಾಲಕ್ಕೆ ತಕ್ಕಂತೆ ನಿಯಮ ಬದಲಾಗಬೇಕು ಎನ್ನುತ್ತದೆ ಒಂದು. ಸುಮ್ಮಸುಮ್ಮನೆ ತಲೆಬರಹ ಬದಲಿಸಬಾರದು ಎನ್ನುತ್ತದೆ ಇನ್ನೊಂದು. ಇವೆರಡರ ನಡುವೆ ತೀರ್ಮಾನಿಸಲು ಅವರೇ 1931ರಲ್ಲಿ ಕೊಟ್ಟ ಪಂಚಸೂತ್ರಗಳಲ್ಲಿ ಒಂದು ಅಳತೆಗೋಲಿದೆ: ಓದುಗನ ಸಮಯವನ್ನು ಉಳಿಸಬೇಕು.

ಆ ಅಳತೆಗೋಲಿನಿಂದ ನೋಡಿದರೆ ಹೊಸ ಹೆಸರು ಎಷ್ಟು ಸರಿ ಎಂಬುದರ ಜೊತೆಗೆ ಹಳೆಯ ಹೆಸರಿನಿಂದ ಬಂದವರಿಗೆ ದಾರಿ ಉಳಿದಿದೆಯೇ ಎಂದೂ ಕೇಳಬೇಕಾಗುತ್ತದೆ. ಅಜ್ಜ ಕಲಿತ ಹೆಸರಿನಲ್ಲಿ ಅಜ್ಜ ಹುಡುಕುತ್ತಾನೆ, ಮೊಮ್ಮಗಳು ತಾನು ಕಲಿತ ಹೆಸರಿನಲ್ಲಿ. ಇಬ್ಬರೂ ಒಂದೇ ಕಪಾಟಿನ ಮುಂದೆ ಬಂದು ನಿಲ್ಲುವಂತಾಗಬೇಕು. ನಮ್ಮ ಗ್ರಂಥಾಲಯಗಳ ಹಳೆಯ ಕಾರ್ಡುಗಳು, ದಪ್ಪ ರಿಜಿಸ್ಟರುಗಳು ಕಂಪ್ಯೂಟರಿಗೆ ಏರುವಾಗ ‘ನೋಡಿ’ ಎಂಬ ಆ ಸಣ್ಣ ಚೀಟಿಯನ್ನು ರದ್ದಿಗೆ ಹಾಕದಿದ್ದರೆ, ಅರ್ಧ ಕೆಲಸ ಆದಂತೆಯೇ.